ರಂಗೂನಿನ ಅತ್ತಿಗೆಯ ತವರು

ನನ್ನ ಅತ್ತಿಗೆ ಬರ್ಮಾದವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮ ಊರು ಬೋಳಾರದಲ್ಲಿ ಈಗಲೂ ಕೆಲವರು ಅವಳನ್ನು ಚೀನಾದವಳು ಎನ್ನುತ್ತಾರೆ, ಕೆಲವರು ಸಿಲೋನಿನವಳು ಎನ್ನುತ್ತಾರೆ. ದೋಣಿಯಲ್ಲಿ ನೇತ್ರಾವತಿ ದಾಟಿ ಉಳ್ಳಾಲಕ್ಕೆ ಹೋಗಿಬಂದದ್ದನ್ನೇ ಪರದೇಶ ಯಾತ್ರೆಯಂತೆ ವರ್ಷಗಟ್ಟಲೆ ಹೇಳಿಕೊಳ್ಳುವ ಜನ ನಮ್ಮವರು. ಅವರಿಗೆ ಯಾವ ದೇಶವಾದರೇನು.

ಅವಳ ಹೆಸರು ಮಾ ಖಿನ್. ನಮ್ಮ ಅಮ್ಮನ ಬಾಯಲ್ಲಿ ಅದು ಮೊದಲ ದಿನವೇ ಕಿನ್ನಿ ಆಯಿತು. ತುಳುವಿನಲ್ಲಿ ಕಿನ್ನಿ ಎಂದರೆ ಪುಟ್ಟದು. ಅತ್ತಿಗೆ ಅಣ್ಣನಿಗಿಂತ ನಾಲ್ಕು ಬೆರಳು ಎತ್ತರ ಇದ್ದಾಳೆ, ಆದರೆ ಹೆಸರು ಒಮ್ಮೆ ಅಂಟಿದ ಮೇಲೆ ಅಂಟಿತು.

ಅಣ್ಣ ದುಗ್ಗಪ್ಪ ಇಲ್ಲಿ ಹೆಂಚಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಯಾರೋ ಆಸೆ ಹುಟ್ಟಿಸಿದರೆಂದು ರಂಗೂನಿಗೆ ಹೋಗಿ ಅಲ್ಲಿನ ಅಕ್ಕಿ ಮಿಲ್ಲಿನ ಎಂಜಿನು ನೋಡಿಕೊಳ್ಳುತ್ತಿದ್ದ. ವ್ಯಾಪಾರವೆಲ್ಲ ಬಿದ್ದುಹೋದ ಆ ವರ್ಷಗಳಲ್ಲಿ, ಮೂವತ್ತೆರಡೋ ಮೂವತ್ತಮೂರೋ ಇರಬೇಕು, ಅವನ ಮಿಲ್ಲೂ ಮುಚ್ಚಿತು. ಅಣ್ಣ ಕಾಗದ ಬರೆಯುವ ಪೈಕಿಯವನಲ್ಲ. ಮದುವೆಯಾದದ್ದನ್ನೂ ಬರೆದಿರಲಿಲ್ಲ, ಮಕ್ಕಳಾದದ್ದನ್ನೂ ಬರೆದಿರಲಿಲ್ಲ. ಒಂದು ಬೆಳಿಗ್ಗೆ ರೈಲ್ವೆ ಸ್ಟೇಷನ್ನಿನಿಂದ ಜಟಕಾ ಬಂದು ನಮ್ಮ ಓಣಿಯ ಬಾಯಲ್ಲಿ ನಿಂತಿತು. ಅದರಿಂದ ಅಣ್ಣ ಇಳಿದ. ಆಮೇಲೆ ಒಂದು ಹೆಣ್ಣು ಮಗು, ಒಂದು ಗಂಡು ಮಗು, ಕೊನೆಗೆ ಕಬ್ಬಿಣದ ಟ್ರಂಕನ್ನು ಯಾರ ಕೈಗೂ ಕೊಡದೆ ತಾನೇ ಎತ್ತಿಕೊಂಡು ಅತ್ತಿಗೆ.

ಅಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಒಳಗೆ ಹೋಗಿ ಅನ್ನದ ಮಡಕೆಗೆ ಇನ್ನಷ್ಟು ಅಕ್ಕಿ ಹಾಕಿದಳು. ನಮ್ಮ ಅಮ್ಮ ಎಷ್ಟೇ ಸಿಟ್ಟಿನಲ್ಲಿದ್ದರೂ ಅಕ್ಕಿ ಹಾಕುವುದನ್ನು ಮರೆಯುವವಳಲ್ಲ.

ಆಗ ಮನೆಯಲ್ಲಿದ್ದದ್ದು ಅಮ್ಮ, ನಾನು ಮತ್ತು ನನ್ನ ಪುಟ್ಟ ಮಗ. ನನ್ನ ಗಂಡ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಅಮ್ಮ ವಿಧವೆ. ಹೆಂಚಿನ ಕಾರ್ಖಾನೆಯಲ್ಲಿ ಹಸಿ ಹೆಂಚು ಒಣಹಾಕುವ ಕೆಲಸಕ್ಕೆ ಹೋಗುತ್ತಿದ್ದಳು. ಕಾರ್ಖಾನೆಯ ಸೀಟಿಯ ಬೆಳಗಿನ ಕೂಗಿಗೆ ಹೊರಟರೆ ಸಂಜೆಯ ಕೂಗಿಗೆ ಮನೆ ಸೇರುವವಳು. ಅಣ್ಣನಿಗೂ ಹಳೆಯ ಕೆಲಸ ಮತ್ತೆ ಸಿಕ್ಕಿತು. ಹಗಲು ಮನೆಯಲ್ಲಿ ಉಳಿಯುತ್ತಿದ್ದವರು ನಾವಿಬ್ಬರು ಹೆಂಗಸರು ಮತ್ತು ಮೂರು ಮಕ್ಕಳು. ನನಗೆ ಬರ್ಮಾ ಭಾಷೆ ಬಾರದು, ಅವಳಿಗೆ ತುಳು ಬಾರದು. ಹಾಗಾಗಿ ಮೊದಲ ಕೆಲವು ತಿಂಗಳು ನಮ್ಮಲ್ಲಿ ಜಗಳವೇ ಆಗಲಿಲ್ಲ.

ಮಕ್ಕಳು ಮಾತ್ರ ಊರಿನ ಮೇಲೆ ಜಗಳಕ್ಕೇ ನಿಂತರು. ಕುಚ್ಚಲಕ್ಕಿಯ ಕೆಂಪು ಅನ್ನ ಅವರಿಗೆ ಹಿಡಿಸಲಿಲ್ಲ. ಚಿಕ್ಕವನು ಬಾಬು ಅಗುಳನ್ನು ಒಂದೊಂದಾಗಿ ಬಾಯಿಂದ ತೆಗೆದು ಬಟ್ಟಲಿನ ಅಂಚಿಗೆ ಸಾಲಾಗಿ ಅಂಟಿಸುತ್ತಿದ್ದ. ದೊಡ್ಡವಳು ಕುಶಲಾ ಅಳುತ್ತಿರಲಿಲ್ಲ, ಆದರೆ ತಟ್ಟೆಯ ಎದುರು ಕೈಕಟ್ಟಿ ಕೂರುತ್ತಿದ್ದಳು. ಕಾರ್ಖಾನೆಯ ಕೂಗು ಕೇಳಿದರೆ ಇಬ್ಬರೂ ಓಡಿಹೋಗಿ ಅಕ್ಕಿ ಮೂಟೆಗಳ ಹಿಂದೆ ಅಡಗುತ್ತಿದ್ದರು. ಅತ್ತಿಗೆ ಗದರಲಿಲ್ಲ. ಒಣ ಸಿಗಡಿಯನ್ನು ಮೆಣಸು, ಬೆಳ್ಳುಳ್ಳಿ ಹಾಕಿ ಎಣ್ಣೆಯಲ್ಲಿ ಗರಿಗರಿಯಾಗಿ ಹುರಿದು, ಆ ಕೆಂಪು ಅನ್ನದ ಮೇಲೆ ಉದುರಿಸಿ ಮುಂದಿಟ್ಟಳು. ಅದರ ಘಮಕ್ಕೆ ನನ್ನ ಮಗನೂ ತಟ್ಟೆ ಹಿಡಿದು ಬಂದ. ಅಂದಿನಿಂದ ಇಂದಿನವರೆಗೆ ನಮ್ಮ ಓಣಿಯಲ್ಲಿ ಸಿಗಡಿ ಹುರಿಯುವುದು ರಂಗೂನಿನ ಕ್ರಮದಲ್ಲೇ.

ಟ್ರಂಕಿನಲ್ಲಿ ಅವಳು ಒಂದು ಮರದ ಕೊರಡು ತಂದಿದ್ದಳು. ಅದನ್ನು ಕಲ್ಲಿನ ಮೇಲೆ ನೀರು ಹಾಕಿ ತೇದು, ಸ್ನಾನವಾದ ಮಕ್ಕಳ ಕೆನ್ನೆಗೆ ಹಳದಿ ಗಂಧ ಹಚ್ಚುತ್ತಿದ್ದಳು. ಮಂಗಳಾದೇವಿಯ ಗುಡಿಗೆ ಹೋಗುವ ಹೆಂಗಸರು ನಿಂತು, ಇದು ಯಾವ ದೇವರ ಪ್ರಸಾದ ಎಂದು ಕೇಳುತ್ತಿದ್ದರು. ಅತ್ತಿಗೆ ಆಗಷ್ಟೇ ಕಲಿತ ತುಳುವಿನಲ್ಲಿ, “ದೇವರದ್ದಲ್ಲ. ಬಿಸಿಲಿಗೆ” ಎನ್ನುತ್ತಿದ್ದಳು. ಅವರಿಗೆ ಆ ಉತ್ತರ ಸಾಕಾಗುತ್ತಿರಲಿಲ್ಲ. ದೇವರ ಹೆಸರಿಲ್ಲದೆ ಹಣೆಗಾಗಲಿ ಕೆನ್ನೆಗಾಗಲಿ ಏನನ್ನಾದರೂ ಹಚ್ಚಿಕೊಳ್ಳಬಹುದು ಎಂಬುದೇ ಅವರಿಗೆ ಹೊಸ ವಿಷಯ.

ಹೀಗೆ ದಿನ ಹೋಗುತ್ತಿತ್ತು. ಮಕ್ಕಳು ಜಗಳಕ್ಕೆ ತುಳು, ಗುಟ್ಟಿಗೆ ಬರ್ಮಾ ಎಂದು ಹಂಚಿಕೊಂಡರು. ಅತ್ತಿಗೆ ಸೀರೆ ಉಡಲು ಕಲಿತಳು, ನಾನು ಅವಳ ಹಾಗೆ ತಲೆಯ ಮೇಲೆ ಬುಟ್ಟಿಯನ್ನು ಕೈ ಬಿಟ್ಟು ಹೊರಲು ಹೋಗಿ ಬಂಗುಡೆ ಮೀನನ್ನೆಲ್ಲ ಚೆಲ್ಲಿದೆ. ಅವಳು ನಕ್ಕರೆ ಬೀದಿಗೆ ಕೇಳುತ್ತಿತ್ತು. ಅಮ್ಮ ಅದಕ್ಕೂ ಆಕ್ಷೇಪ ಮಾಡುತ್ತಿದ್ದಳು, ಆದರೆ ಆಕ್ಷೇಪ ಮಾಡುವಾಗ ಅವಳ ಬಾಯಿಯ ಮೂಲೆಯೂ ಸ್ವಲ್ಪ ಸಡಿಲುತ್ತಿತ್ತು.

ಈಗ ಮುದ್ದಕ್ಕನ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಗೆ ಎದುರಾಗಿ, ಓಣಿಯ ಆಚೆ ಬದಿಯಲ್ಲಿ ಮುದ್ದಕ್ಕನ ಮನೆ. ಅಮ್ಮನಿಗಿಂತ ತುಂಬ ಹಿರಿಯರು, ಬೆನ್ನು ಬಾಗಿತ್ತು, ನಾಲಿಗೆ ಮಾತ್ರ ಬಾಗಿರಲಿಲ್ಲ. ಒಬ್ಬನೇ ಮಗ ಬೋಜ, ಕಡವಿನಲ್ಲಿ ಜನರನ್ನು ಹೊಳೆ ದಾಟಿಸುವ ದೋಣಿ ಹಾಕುವವನು. ಮದುವೆಯ ಮಾತೆತ್ತಿದರೆ ಹುಟ್ಟು ಹಿಡಿದು ಹೊಳೆಗೆ ಇಳಿಯುವ ಮನುಷ್ಯ. ಮುದ್ದಕ್ಕ ದಿನಕ್ಕೆ ಹತ್ತು ಸಲ ನಮ್ಮ ಮನೆಯನ್ನು ಸುತ್ತಿ ಹಿಂಬಾಗಿಲಿನಿಂದ ಬರುವರು, ಒಲೆಯಿಂದ ಕೆಂಡ ತೆಗೆದುಕೊಳ್ಳುವರು, ಉಪ್ಪು ನೋಡುವರು, ಮಕ್ಕಳ ಕಿವಿ ಹಿಂಡುವರು, ಹೋಗುವರು.

ಅತ್ತಿಗೆಯ ಊರಿನಲ್ಲಿ ಒಂದು ಕ್ರಮ ಉಂಟಂತೆ. ಅನ್ನ ಬೆಂದ ಮೇಲೆ ಮೊದಲ ಸೌಟು ಮನೆಯ ಅತಿ ಹಿರಿಯರಿಗೆ. ಅವರಿಗೆ ಬಡಿಸದೆ ಉಳಿದವರು ಉಣ್ಣುವಂತಿಲ್ಲ. ಅವಳು ನಮ್ಮ ಅಡುಗೆಮನೆ ಹಿಡಿದ ದಿನದಿಂದಲೇ ಮಧ್ಯಾಹ್ನದ ಮೊದಲ ಸೌಟು ಅನ್ನವನ್ನು, ಮೇಲೆ ಒಂದು ತುಂಡು ಮೀನಿಟ್ಟು, ಮುದ್ದಕ್ಕನಿಗೆ ಕೊಟ್ಟುಬರುತ್ತಿದ್ದಳು. ಮುದ್ದಕ್ಕ ಉಣ್ಣುತ್ತಿದ್ದರು. ನನಗೆ ಇದೆಲ್ಲ ಗೊತ್ತಿತ್ತು. ನಾನು ಅಮ್ಮನಿಗೆ ಹೇಳಲಿಲ್ಲ. ಯಾಕೆ ಹೇಳಬೇಕು? ಒಳ್ಳೆ ತಮಾಷೆ ನಡೆಯುತ್ತಿರುವಾಗ ಅದನ್ನು ಕೆಡಿಸುವ ಜಾತಿ ನನ್ನದಲ್ಲ.

ಕಾರ್ಖಾನೆಗೆ ರಜೆಯಿದ್ದ ಒಂದು ದಿನ ಅಮ್ಮ ಮಧ್ಯಾಹ್ನ ಮನೆಯಲ್ಲಿದ್ದಳು. ತನ್ನ ಕಣ್ಣೆದುರೇ ಮೊದಲ ಸೌಟು ಬಟ್ಟಲಿಗೆ ಬಿದ್ದು ಹಿಂಬಾಗಿಲು ದಾಟಿದ್ದನ್ನು ಕಂಡಳು.

“ಅದು ಎಲ್ಲಿಗೆ?”

“ದೊಡ್ಡವರಿಗೆ, ಮಾಮಿ,” ಎಂದಳು ಅತ್ತಿಗೆ. ಅತ್ತೆಗೆ ನಮ್ಮಲ್ಲಿ ಮಾಮಿ ಎನ್ನುವುದು.

“ಈ ಮನೆಗೆ ದೊಡ್ಡವಳು ನಾನು.”

“ಅವರು ನಿಮಗಿಂತ ದೊಡ್ಡವರಲ್ವಾ? ದಿನಾ ಹಿಂದಿನ ಬಾಗಿಲಿಂದ ಬರ್ತಾರೆ, ಕೇಳದೆ ಕೆಂಡ ತಗೊಳ್ತಾರೆ. ನಿಮ್ಮ ಅಕ್ಕ ಅಂತ ತಿಳ್ಕೊಂಡೆ.”

ಅಮ್ಮ ಸೆರಗು ಸಿಕ್ಕಿಸಿ ನೇರ ಓಣಿ ದಾಟಿದಳು. “ಇಷ್ಟು ದಿನ ಬಾಯಿ ಮುಚ್ಚಿ ಉಂಡಿಯಲ್ಲ, ಮಾರಾಯ್ತಿ, ನಿನಗೆ ಹೇಳ್ಲಿಕ್ಕೆ ಆಗ್ಲಿಲ್ವಾ?”

“ನೀನು ಕಳಿಸುದು ಅಂತ ಗ್ರಹಿಸಿದೆ,” ಎಂದರು ಮುದ್ದಕ್ಕ.

“ಇಷ್ಟು ವರ್ಷ ಕಳಿಸದವಳು ಈಗ ಕಳಿಸ್ತೇನಾ?”

“ಅದೇ ನನಗೂ ಆಶ್ಚರ್ಯ ಆದದ್ದು. ವಯಸ್ಸಾದ ಮೇಲೆ ನಿನಗೆ ಬುದ್ಧಿ ಬಂತು ಅಂತ ಸಂತೋಷಪಟ್ಟೆ.”

ಸುಮಾರು ದಿನ ಇಬ್ಬರಿಗೂ ಮಾತಿರಲಿಲ್ಲ. ಆದರೆ ಅಮ್ಮ ಬಡಿಸುವ ಕೈಯನ್ನು ತಡೆಯುವವಳೂ ಅಲ್ಲ. ಬೆಳಗಿನ ಗಂಜಿಯ ಮೊದಲ ಸೌಟು ತನಗೆ, ಮಧ್ಯಾಹ್ನದ್ದನ್ನು ಏನು ಬೇಕಾದರೂ ಮಾಡಿಕೋ ಎಂದು ತೀರ್ಮಾನ ಕೊಟ್ಟಳು. ಅತ್ತಿಗೆ ತಲೆಯಾಡಿಸಿದಳು. ಅಮ್ಮ ಏನು ಹೇಳಿದರೂ “ಆಯಿತು ಮಾಮಿ” ಎನ್ನುವುದು ಆಗ ಅವಳ ಅಭ್ಯಾಸ.

ಮರುವರ್ಷ ಅತ್ತಿಗೆ ಬಸುರಿಯಾದಳು. ನಿಜವಾದ ಕಷ್ಟ ಶುರುವಾದದ್ದು ಆಗ.

ನಮ್ಮದು ಅಳಿಯಕಟ್ಟಿನ ಸಂಸಾರ. ನಮ್ಮಲ್ಲಿ ಮಕ್ಕಳು ತಂದೆಯ ಕಡೆಯವರಲ್ಲ, ತಾಯಿಯ ಕಡೆಯವರು. ಕುಲದ ಹೆಸರಿಗೆ ನಾವು ಬರಿ ಎನ್ನುತ್ತೇವೆ. ಅದು ತಾಯಿಯಿಂದ ಮಕ್ಕಳಿಗೆ ಬರುವಂಥದ್ದು. ನಾವು ಕರ್ಕೇರ ಬರಿಯವರು. ನಾನು ಹೆಣ್ಣಾದದ್ದರಿಂದ ನನ್ನ ಮಗ ಕರ್ಕೇರ. ಅಣ್ಣ ಕರ್ಕೇರನೇ ಆದರೂ ಅವನ ಮಕ್ಕಳು ಅಲ್ಲ. ಅವರು ಅವರ ತಾಯಿಯ ಬರಿಯವರು ಆಗಬೇಕು. ತಾಯಿಗೆ ಬರಿಯೇ ಇಲ್ಲವೆಂದರೆ ಮಕ್ಕಳು ಯಾರೂ ಅಲ್ಲ. ನಾಳೆ ಮದುವೆಯ ಮಾತು ಬಂದಾಗ ಹೇಳಲು ಬರಿ ಇಲ್ಲ, ಮುಂದೆ ನಿಲ್ಲಲು ಸೋದರಮಾವ ಇಲ್ಲ. ಇನ್ನೊಂದು ಸಂಗತಿ. ಬಸುರಿಗೆ ಏಳನೆಯ ತಿಂಗಳಲ್ಲಿ ಬಯಕೆ ಮಾಡುತ್ತೇವೆ. ಹೂ ಮುಡಿಸಿ, ಆಸೆಪಟ್ಟದ್ದನ್ನೆಲ್ಲ ಉಣಬಡಿಸಿ, ಅಂದೇ ತವರಿನವರು ಬಂದು ಅವಳನ್ನು ಕರೆದುಕೊಂಡು ಹೋಗಬೇಕು. ಹೆರಿಗೆ ತವರಿನಲ್ಲೇ. ಮಗಳ ಮಕ್ಕಳು ಹುಟ್ಟುವ ಕೋಣೆಯಲ್ಲಿ ಸೊಸೆಯ ಮಕ್ಕಳು ಹುಟ್ಟುವಂತಿಲ್ಲ. ನನ್ನ ಮಗ ಹುಟ್ಟಿದ ಕೋಣೆ ನಮ್ಮ ಮನೆಯಲ್ಲೇ ಇತ್ತು, ಅದರ ಬಾಗಿಲು ಅತ್ತಿಗೆಗೆ ತೆರೆಯುವಂತಿರಲಿಲ್ಲ. ಯೋಚಿಸಿದರೆ ಈಗಲೂ ನನಗೆ ಮೈ ಉರಿಯುತ್ತದೆ.

ಅಮ್ಮ ನಮ್ಮ ಸಮಾಜದ ಗುರಿಕಾರರನ್ನು ಕರೆಸಿದಳು. ಇಂಥ ವಿಷಯಗಳಲ್ಲಿ ಅವರ ಮಾತೇ ಕೊನೆ. ಅವರು ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು ಕೇಳಿದರು, “ಬಯಕೆಗೆ ಯಾರು ಬಂದು ಕರ್ಕೊಂಡು ಹೋಗುದು?”

“ರಂಗೂನಿಂದ ಬರ್ಲಿಕ್ಕೆ ಹೇಳ್ಬೇಕಾ?” ಎಂದ ಅಣ್ಣ. ಅವನಿಗೆ ಸಿಟ್ಟು ಬಂದಿತ್ತು.

“ಸಿಟ್ಟು ಎಂತಕ್ಕೆ, ದುಗ್ಗಪ್ಪ? ಕಟ್ಟಳೆ ನಾನು ಮಾಡಿದ್ದಲ್ಲ. ದೇರೆಬೈಲಿನಲ್ಲಿ ನನ್ನ ಗುರ್ತದವರ ಒಂದು ಬಿಡಾರ ಖಾಲಿ ಉಂಟು. ಹೆರಿಗೆ ಅಲ್ಲಿ ಆಗ್ಲಿ. ಬರಿಯ ವಿಷಯ ಮುಂದೆ ನೋಡುವ.”

ಬಾಗಿಲ ಹಿಂದೆ ಅತ್ತಿಗೆ ನಿಂತಿದ್ದಳು. ಅವಳಿಗೆ ತುಳು ಅರ್ಥವಾಗುವುದಿಲ್ಲ ಎಂದು ಗುರಿಕಾರರು ತಿಳಿದಿದ್ದರು. ಅವಳು ಹೊರಗೆ ಬಂದು ನಮ್ಮದೇ ತುಳುವಿನಲ್ಲಿ ಹೇಳಿದಳು, “ಬಾಡಿಗೆ ಮನೆ ಬೇಡ. ನಾನು ಮಕ್ಕಳನ್ನು ಕರ್ಕೊಂಡು ನನ್ನ ಅಮ್ಮನಲ್ಲಿಗೆ ಹೋಗ್ತೇನೆ. ಅಲ್ಲಿ ಯಾರೂ ಬರಿ ಕೇಳುದಿಲ್ಲ.”

ಅಣ್ಣ ತಲೆ ತಗ್ಗಿಸಿದ. ಹೋಗಬೇಡ ಎನ್ನಲು ಅವನಿಗೆ ಬಾಯಿಲ್ಲ, ಹೋಗು ಎನ್ನಲು ಮನಸ್ಸಿಲ್ಲ. ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಆ ಹೊಟ್ಟೆ ಹೊತ್ತು ಮದರಾಸಿನಿಂದ ಹಡಗು ಹತ್ತಿದವಳು ಮತ್ತೆ ಈ ಕಡೆ ಮುಖ ಹಾಕುವುದಿಲ್ಲ. ಅಮ್ಮ ಕುಶಲಾಳ ಜಡೆ ಬಿಚ್ಚಿ ಮತ್ತೆ ಹೆಣೆಯತೊಡಗಿದಳು. ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಇವಳು ಹೋದರೆ ನನಗೆ ಯಾರು ಎಂಬ ಒಂದೇ ಯೋಚನೆ.

ಮರುದಿನ ಬೆಳಿಗ್ಗೆ ಕಬ್ಬಿಣದ ಟ್ರಂಕನ್ನು ಅಂಗಳದಲ್ಲಿ ಬಿಸಿಲಿಗಿಟ್ಟದ್ದನ್ನು ಓಣಿಯೆಲ್ಲ ನೋಡಿತು. ಮುದ್ದಕ್ಕ ಬಂದರು. ಆ ದಿನ ಹಿಂಬಾಗಿಲಿನಿಂದಲ್ಲ, ಮುಂಬಾಗಿಲಿನಿಂದ, ತೊಳೆದ ಸೀರೆ ಉಟ್ಟು, ಮಗ ಬೋಜನನ್ನು ಹಿಂದಿಟ್ಟುಕೊಂಡು.

“ಗುರಿಕಾರರನ್ನು ಇನ್ನೊಮ್ಮೆ ಕರೆಸು,” ಎಂದರು ಅಮ್ಮನಿಗೆ.

ಗುರಿಕಾರರು ಬಂದರು. ಮುದ್ದಕ್ಕ ಕೂರಲಿಲ್ಲ. “ನನಗೆ ಹೆಣ್ಣಿಲ್ಲ. ಬೋಜನಿಗೆ ನಾಳೆ ಮದುವೆ ಆದ್ರೂ ಅವನ ಮಕ್ಕಳು ಅವರ ತಾಯಿಯವರು. ನಾನು ಸತ್ರೆ ನಮ್ಮ ಮನೆಗೆ ದೀಪ ಇಡುವವರಿಲ್ಲ. ಇವಳಿಗೆ ತವರಿಲ್ಲ. ನನ್ನ ಬರಿ ಇವಳಿಗೆ ಕೊಡ್ತೇನೆ. ನಾವು ಬಂಗೇರರು, ದುಗ್ಗಪ್ಪ ಕರ್ಕೇರ, ಗಂಡಹೆಂಡತಿಗೆ ಬರಿ ಬೇರೆ ಬೇರೆ ಇರ್ಬೇಕು, ಅದೂ ಆಯ್ತು. ಇನ್ನು ಎಂತ ಉಂಟು?”

“ಪರದೇಶದವಳು, ಮುದ್ದಕ್ಕ.”

“ಬರಿ ಕೊಡುದು ನಮ್ಮಲ್ಲಿ ಹೊಸತಾ? ನಿಮ್ಮ ಅಜ್ಜಿಯ ಅಮ್ಮ ಘಟ್ಟದ ಮೇಲಿಂದ ಬಂದದ್ದು. ಅವರಿಗೆ ಬರಿ ಕೊಟ್ಟದ್ದು ಯಾವ ಮನೆಯಲ್ಲಿ ಅಂತ ನಾನು ಹೇಳ್ಬೇಕಾ, ನೀವು ಹೇಳ್ತೀರಾ?”

ಗುರಿಕಾರರಿಗೆ ಎಲೆ ಅಡಿಕೆ ನೆತ್ತಿಗೇರಿತು. ಕೆಮ್ಮಿ, ನೀರು ಕುಡಿದು, “ಹಾಗೆ ನೋಡಿದ್ರೆ ಕ್ರಮ ಉಂಟು” ಎಂದರು. ಆಮೇಲೆ ಅತ್ತಿಗೆಯ ಕಡೆಗೆ ತಿರುಗಿ, “ನಿನಗೆ ಒಪ್ಪಿಗೆಯಾ?” ಎಂದು ಕೇಳಿದರು.

ಅತ್ತಿಗೆ ಒಮ್ಮೆಲೇ ಹೂಂ ಎನ್ನಲಿಲ್ಲ. “ಮಕ್ಕಳು ಯಾರದ್ದಾಗ್ತಾರೆ?”

“ಬಂಗೇರರು. ಮುದ್ದಕ್ಕನ ಮೊಮ್ಮಕ್ಕಳು. ಬೋಜ ಅವರ ಸೋದರಮಾವ.”

ಬೋಜ ತನ್ನ ಹೆಸರು ಕೇಳಿ ತಲೆಯೆತ್ತಿದ. ಅಷ್ಟರವರೆಗೆ ಅವನು ತನ್ನ ಕಾಲಿನ ಹೆಬ್ಬೆರಳನ್ನು ನೋಡುತ್ತಿದ್ದ.

ಅತ್ತಿಗೆ ಮುದ್ದಕ್ಕನ ಹತ್ತಿರ ಹೋಗಿ ನಿಂತಳು. “ರಂಗೂನಿನಲ್ಲಿ ನನ್ನ ಅಮ್ಮ ಇದ್ದಾರೆ. ಅವರನ್ನು ಬಿಡ್ಲಿಕ್ಕೆ ನನ್ನಿಂದ ಆಗುದಿಲ್ಲ. ನೀವು ಎರಡನೆಯ ಅಮ್ಮ. ಆಗ್ತದಾ?”

“ಆಗ್ತದೆ,” ಎಂದರು ಮುದ್ದಕ್ಕ. “ನನಗೂ ನೀನು ಎರಡನೆಯ ಮಗು ಅಲ್ವಾ.”

ಒಳ್ಳೆ ದಿನ ನೋಡಿ ಬರಿ ಕೊಟ್ಟರು. ದೀಪದ ಎದುರು, ಹತ್ತು ಜನರ ಸಮಕ್ಷಮದಲ್ಲಿ, ಮುದ್ದಕ್ಕ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು ಹಾಲು ಕುಡಿಸಬೇಕು. ಮುದ್ದಕ್ಕನ ಮಡಿಲು ಒಂದು ಮೊರದಷ್ಟು. ಹೊಟ್ಟೆ ಹೊತ್ತ ಅತ್ತಿಗೆ ಅದರಲ್ಲಿ ಕೂರುವುದು ಹೇಗೆ? ಒಂದು ಕೈ ನೆಲಕ್ಕೂರಿ, ಭಾರವನ್ನೆಲ್ಲ ಕಾಲಿನ ಮೇಲೆ ಹಾಕಿ, ಕೂತ ಹಾಗೆ ಮಾಡಿದಳು. ಮುದ್ದಕ್ಕ ಕೆಳಗಿನಿಂದ, “ಸರಿ ಕೂತುಕೋ, ನಾನೇನು ಮುರಿಯುದಿಲ್ಲ” ಎನ್ನುತ್ತಿದ್ದರು. ನಾನು ನಕ್ಕು ನಕ್ಕು ಕಂಬ ಹಿಡಿದುಕೊಂಡೆ. ಗುರಿಕಾರರು ಮೂರು ಸಲ ಬರಿಯ ಹೆಸರು ಹೇಳಿ ಇವಳು ಬಂಗೇರ ಬರಿಯವಳು ಎಂದರು. ಮಾ ಖಿನ್ ಬಂಗೇರ. ಈ ಹೆಸರು ಲೋಕದಲ್ಲಿ ಇನ್ನೊಬ್ಬರಿಗೆ ಇರಲಿಕ್ಕಿಲ್ಲ.

ಬಯಕೆಯನ್ನು ಅಮ್ಮ ಸಣ್ಣದಾಗಿ ಮಾಡಲಿಲ್ಲ. ಮಲ್ಲಿಗೆ, ಹೊಸ ಸೀರೆ, ಕೋಳಿ ಸಾರು, ಹುರಿಯಕ್ಕಿ ಉಂಡೆ, ಒಂದೂ ಬಿಡಲಿಲ್ಲ. ಊಟವಾದ ಮೇಲೆ ಮುದ್ದಕ್ಕ ಮತ್ತು ಬೋಜ ತವರಿನವರಾಗಿ ಬಂದು ಕರೆದರು. ತವರಿಗೆ ಹೊರಟ ಬಸುರಿ ಹಿಂದೆ ತಿರುಗಿ ನೋಡಬಾರದು. ಓಣಿ ಎಷ್ಟು ಅಗಲ ಎಂದರೆ, ಈ ಬದಿಯಲ್ಲಿ ನಿಂತವಳು ಆ ಬದಿಯವಳಿಗೆ ಕೈ ಚಾಚಿ ಉಪ್ಪು ಕೊಡಬಹುದು. ಬೋಜ ಆ ಕಬ್ಬಿಣದ ಟ್ರಂಕನ್ನು ಹೆಗಲಿಗೇರಿಸಿ, ಇನ್ನೊಂದು ಕೈಯಲ್ಲಿ ಬಾಬುವನ್ನು ಎತ್ತಿಕೊಂಡು, ದೂರ ಪ್ರಯಾಣಕ್ಕೆ ಹೊರಟವನ ಹಾಗೆ ಗಂಭೀರವಾಗಿ ಮುಂದೆ ನಡೆದ. ಅತ್ತಿಗೆ ಹಿಂದೆ ನೋಡದೆ ಓಣಿ ದಾಟಿದಳು. ಅಣ್ಣ ನಮ್ಮ ಮೆಟ್ಟಿಲಲ್ಲಿ ನಿಂತು ನಗುತ್ತಿದ್ದ. ಅವನು ಹಾಗೆ ನಕ್ಕದ್ದನ್ನು ನೋಡಿ ಬಹಳ ದಿನವಾಗಿತ್ತು.

ಹೆರಿಗೆ ಮಳೆಗಾಲದ ನಡುವೆ ಆಯಿತು. ಸೂಲಗಿತ್ತಿ ಮಟಿಲ್ಡಾ ಬಾಯಿ ಹೊರಗೆ ಬಂದು ಹೆಣ್ಣು ಎಂದಾಗ ಮುದ್ದಕ್ಕ ಅಲ್ಲೇ ಹೊಸ್ತಿಲಲ್ಲಿ ಕುಸಿದು ಕೂತರು. ಆ ಮನೆಯಲ್ಲಿ ಹೆಣ್ಣು ಮಗು ಅತ್ತದ್ದನ್ನು ಕೇಳಿದವರು ಯಾರೂ ಉಳಿದಿರಲಿಲ್ಲ. ಕೊನೆಗೆ ಹುಟ್ಟಿದ ಹೆಣ್ಣೆಂದರೆ ಮುದ್ದಕ್ಕನೇ.

ಇತ್ತ ಅಮ್ಮನ ಪಾಡು ಹೇಳುವುದು ಬೇಡ. ತೊಟ್ಟಿಲು ಹಾಕುವ ದಿನ ಕರೆ ಬರುವ ತನಕ ಗಂಡನ ತಾಯಿ ಬಾಣಂತಿಯ ಮನೆಗೆ ಕಾಲಿಡಬಾರದು. ಕಟ್ಟಳೆ ಕಟ್ಟಳೆ ಎಂದು ಕೂತವಳು ಈಗ ಅದನ್ನು ಮುರಿಯುವುದು ಹೇಗೆ? ಕಾರ್ಖಾನೆಯಿಂದ ಬಂದವಳೇ ಮೆಟ್ಟಿಲಲ್ಲಿ ಕೂತು ಎದುರು ಮನೆಯ ಬಾಗಿಲು ನೋಡುತ್ತಿದ್ದಳು. ಕುಶಲಾ, ಬಾಬು ಎರಡೂ ಮನೆಯಲ್ಲಿ ಉಂಡು, ಎರಡೂ ಮನೆಯಲ್ಲಿ ಹಸಿವೆ ಎನ್ನುತ್ತಿದ್ದರು. ಆದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಬು ಎದ್ದು, “ಅಜ್ಜಿ, ನಾವು ನಮ್ಮ ಮನೆಗೆ ಹೋಗ್ತೇವೆ” ಎಂದು ಓಣಿ ದಾಟಿ ಓಡುತ್ತಿದ್ದ. ಅವನು ನಮ್ಮ ಮನೆ ಎಂದಾಗಲೆಲ್ಲ ಅಮ್ಮ ಮುಖವನ್ನು ಬೇರೆ ಕಡೆ ಮಾಡುತ್ತಿದ್ದಳು.

ಕೊನೆಗೆ ಕರೆ ಬಂತು. ಅಮ್ಮ ಹಿತ್ತಾಳೆ ಹರಿವಾಣದಲ್ಲಿ ಬಾಳೆಹಣ್ಣು, ಮಗುವಿನ ಸೊಂಟಕ್ಕೆ ಬೆಳ್ಳಿಯ ನೂಲು, ಬಾಣಂತಿಗೆ ಸೀರೆ ಇಟ್ಟುಕೊಂಡು ಮುಂಬಾಗಿಲಿನಿಂದ ಹೋದಳು. ಜೀವಮಾನವಿಡೀ ನೀನು ಎಂದೇ ಕರೆದು ಜಗಳ ಕಾಯ್ದ ಮುದ್ದಕ್ಕ ಎದ್ದು ನಿಂತು, “ಬನ್ನಿ, ಕೂತುಕೊಳ್ಳಿ” ಎಂದರು. ಅಮ್ಮ ಚಾಪೆಯ ತುದಿಯಲ್ಲಿ ಹೊಸ ನೆಂಟರ ಹಾಗೆ ಮುದುಡಿ ಕೂತಳು. ಮಗುವನ್ನು ಅವಳ ಮಡಿಲಿಗೆ ಹಾಕಿದರು. ಅಮ್ಮ ಅದರ ಮುಖವನ್ನು ನೋಡಿದಳು, ಕೈಬೆರಳು ಬಿಡಿಸಿ ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು, “ಸೊಸೆಯನ್ನು ಯಾವಾಗ ಕಳಿಸ್ತೀರಿ?”

“ಅವಳನ್ನೇ ಕೇಳಿ,” ಎಂದರು ಮುದ್ದಕ್ಕ.

ಅತ್ತಿಗೆ ಗೋಡೆಗೆ ಒರಗಿ ಕೂತಿದ್ದಳು. ಕೆನ್ನೆ ತುಂಬಿತ್ತು. “ಈಗ ಬರುದಿಲ್ಲ, ಮಾಮಿ,” ಎಂದಳು. “ಇನ್ನು ಸ್ವಲ್ಪ ದಿನ ಅಮ್ಮನ ಹತ್ತಿರ ಇರ್ತೇನೆ.”

ತವರಿನಲ್ಲಿ ಕೂತ ಸೊಸೆಗೆ ಯಾವ ಅತ್ತೆ ಎದುರು ಹೇಳಿದ್ದುಂಟು? ಅಮ್ಮ ಮಗುವನ್ನು ಮರಳಿ ಕೊಟ್ಟು, ಪಾಯಸ ಉಂಡು, ಎಲ್ಲರಿಗೂ ಹೇಳಿ ಎದ್ದಳು. ನಾನು ಹಿಂದೆಯೇ ಬಂದೆ. ಅಮ್ಮ ಮನೆಗೆ ಬರಲಿಲ್ಲ. ಓಣಿಯ ಮೊದಲ ಮನೆಯ ಅಂಗಳದಲ್ಲಿ ನಿಂತು, ಎದುರು ಮನೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು, “ನೋಡು, ಸೊಸೆ ಅಂದ್ರೆ ಇಷ್ಟೇ. ತವರಿಗೆ ಹೋದ್ಲು, ಇಲ್ಲಿಯ ನೆನಪೇ ಇಲ್ಲ ಅವಳಿಗೆ.”

ಎರಡನೆಯ ಮನೆಯಲ್ಲೂ ಅದನ್ನೇ ಹೇಳಿದಳು, ಮೂರನೆಯ ಮನೆಯಲ್ಲೂ ಹೇಳಿದಳು. ಬೋಳಾರದ ಅತ್ತೆಯರೆಲ್ಲ ತಮ್ಮ ತಮ್ಮ ಸೊಸೆಯಂದಿರ ಮೇಲೆ ಹೇಳುವ ದೂರು ಅದು. ಅಮ್ಮನ ಬಾಯಲ್ಲಿ ಅದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಹೊಟ್ಟೆ ತುಂಬ ಸಂತೋಷವಾಯಿತು. ಕೊನೆಯ ಮನೆಯವರು ಬಾಗಿಲಿಗೆ ಬರುವ ತನಕ ನಾನೂ ಅಮ್ಮನ ಜೊತೆ ಅಂಗಳದಲ್ಲಿ ಕಾದು ನಿಂತೆ.